ತಿರುವಿನಲ್ಲಿ ತಾಳ್ಮೆ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಅಲ್ಲಿ ನಿಧಾನವಾಗಿ ಇಳಿಯುವ ಬೈಕ್ ಸವಾರನ ಬೆನ್ನಿಗಂಟಿ ಹಾರ್ನ್ ಮೊಳಗಿಸುವ ಅವಸರದ ಸವಾರನು ತನ್ನನ್ನು ಚತುರನೆಂದೇ ಭಾವಿಸುತ್ತಾನೆ. ಆದರೆ ತಿರುವಿನಾಚೆ ಏನು ಬರುತ್ತಿದೆಯೆಂಬುದು ಚತುರನಿಗೂ ಕಾಣದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುವ ಎರಡು ವಾಹನಗಳ ನಡುವಣ ಅಂತರವು ಒಂದೇ ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಕುಗ್ಗುತ್ತದೆ. ಆಗ ಚಾತುರ್ಯಕ್ಕೆ ಅವಕಾಶವೆಲ್ಲಿ?

2017ರ ಮೋಟಾರು ವಾಹನ ಚಾಲನಾ ವಿನಿಯಮಗಳು ಮುಂದಿನ ದಾರಿ ಕಾಣದ ತಿರುವಿನಲ್ಲಿ ಹಿಂದಿಕ್ಕುವುದನ್ನು ನಿಷೇಧಿಸಿವೆ. ಇನ್ನೊಬ್ಬನು ದಾಟುತ್ತಿರುವಾಗ ಮುಂದಿನವನು ವೇಗ ಹೆಚ್ಚಿಸಬಾರದೆಂದೂ ಹೇಳಿವೆ. ಹೀಗೆ ಕರ್ತವ್ಯವು ಇಬ್ಬರಿಗೂ ಉಂಟು. ನಿಧಾನವಾಗಿ ಸಾಗುವವನು ಎಡಬದಿ ಹಿಡಿದು, ನೇರದಾರಿ ಬಂದೊಡನೆ ಎಡೆಗೊಡಬೇಕು. ಬೆದರಿ ರಸ್ತೆಯಂಚಿಗೆ ಸರಿಯಬೇಕಾಗಿಲ್ಲ. ವೇಗಿಯು ಅಂತರವಿಟ್ಟು ಕಾದು, ಬಲಬದಿಯಿಂದ ದಾಟಬೇಕು.

ಆದರೂ ಹೆಚ್ಚಿನ ಹೊಣೆ ವೇಗಿಯದೇ. ಹಿಂದಿನವನಿಗೆ ಮುಂದಿನವನು ಕಾಣುತ್ತಾನೆ. ಮುಂದಿನವನ ಕಣ್ಣಾದರೋ ದಾರಿಯಲ್ಲಿ ನೆಟ್ಟಿರುತ್ತದೆ. ಹಾರ್ನಿಗೆ ಬೆಚ್ಚಿ ಅವನ ಕೈ ತಪ್ಪಿದರೆ ಪ್ರಪಾತವು ಕ್ಷಮಿಸದು. ಕೆಲವು ಕ್ಷಣಗಳ ಉಳಿತಾಯಕ್ಕೆ ಪರರ ಪ್ರಾಣವನ್ನು ಪಣವಿಡುವ ಅಧಿಕಾರ ಯಾರಿಗೂ ಇಲ್ಲ. ಕಾಯಬಲ್ಲವನೇ ಕುಶಲ ಸವಾರ. ದಾರಿ ಬಿಡಬಲ್ಲವನೇ ಸುಸಂಸ್ಕೃತ.