ಮೂಳೆ ಕೂಡಿದೆ ಸರಿ, ಕಾಲು ಹೇಗಿದೆ?

ಆಸ್ಪತ್ರೆ ಮಾತು | ಕಂತು 9

ಅಪಘಾತದಲ್ಲಿ ಕಾಲು ನುಜ್ಜುಗುಜ್ಜಾದವರು ನಿಮ್ಮ ಪರಿಚಯದಲ್ಲೂ ಒಬ್ಬರು ಇರ್ತಾರೆ. ಡಾಕ್ಟರು ಎಕ್ಸ್‌ರೇ ನೋಡಿ ‘ಮೂಳೆ ಚೆನ್ನಾಗಿ ಕೂಡಿದೆ’ ಅಂತಾರೆ. ಅದು ನಿಜಾನೇ. ಆದ್ರೆ ಆ ಮನುಷ್ಯನಿಗೆ ರಾತ್ರಿ ನೋವಿಗೆ ನಿದ್ದೆ ಇಲ್ಲ, ಇನ್ನೂ ಕೆಲಸಕ್ಕೆ ಹೋಗಿಲ್ಲ. ಅದೂ ನಿಜ. ಫೈಲಿಗೆ ಹೋಗೋದು ಮಾತ್ರ ಮೊದಲನೆಯದು.

ಎರಡನೆಯದನ್ನೂ ಅಳೆಯಬಹುದು. ರೋಗಿಯನ್ನೇ ಕೇಳಿ, ಅವರ ಉತ್ತರಕ್ಕೆ ಅಂಕ ಕೊಡುವ ಪ್ರಶ್ನಾವಳಿಗಳಿವೆ. ಎಲ್‌ಇಎಫ್‌ಎಸ್ ಅನ್ನೋದು ಕಾಲಿಗೆಂದೇ ಮಾಡಿದ್ದು: 20 ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 4 ಅಂಕ, ಒಟ್ಟು 80. ಅಂಕ ಹೆಚ್ಚಾದಷ್ಟೂ ಕಾಲು ಚೆನ್ನಾಗಿ ನಡೀತಿದೆ ಅಂತ ಲೆಕ್ಕ.

ಕೇಳಿದ್ರೆ ಏನು ಸಿಗುತ್ತೆ? ಅಮೆರಿಕದ ‘ಲೀಪ್’ ಅಧ್ಯಯನ ನೋಡಿ. 8 ಟ್ರಾಮಾ ಸೆಂಟರ್, ಕಾಲಿಗೆ ತೀವ್ರ ಪೆಟ್ಟಾದ 569 ಮಂದಿ. ಕೆಲವರ ಕಾಲು ತೆಗೆಯಬೇಕಾಯ್ತು, ಉಳಿದವರ ಕಾಲು ಉಳಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ವರ್ಷದ ನಂತರ ಎರಡೂ ಗುಂಪಿನವರು ಹೇಳಿಕೊಂಡ ಕಷ್ಟ ಹೆಚ್ಚುಕಮ್ಮಿ ಒಂದೇ. ಕೆಲಸಕ್ಕೆ ಮರಳಿದವರು ಎರಡೂ ಕಡೆ ಸುಮಾರು ಅರ್ಧದಷ್ಟು. ಹಿಂದೆ ಬಿದ್ದವರು ಯಾರು? ಬಡವರು, ಕಡಿಮೆ ಓದಿದವರು, ವಿಮೆ ಇಲ್ಲದವರು, ಆಸರೆಗೆ ಜನ ಇಲ್ಲದವರು, ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆ ಕಳಕೊಂಡವರು. ಇದ್ಯಾವುದೂ ಎಕ್ಸ್‌ರೇಯಲ್ಲಿ ಕಾಣಲ್ಲ.

ಹಾಗಂತ ಆ ಪ್ರಶ್ನೆಗಳನ್ನ ಬರೀ ಕನ್ನಡಕ್ಕೆ ಅನುವಾದಿಸಿದ್ರೆ ಸಾಲದು. ಎಲ್‌ಇಎಫ್‌ಎಸ್ ಕಾರು ಹತ್ತಿ ಇಳಿಯೋದನ್ನ ಕೇಳುತ್ತೆ. ಕುಕ್ಕರಗಾಲಲ್ಲಿ ಕೂರೋದನ್ನೂ ಕೇಳುತ್ತೆ, ಒಳ್ಳೇದು. ಆದ್ರೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋದು? ಬಸ್ಸಿನ ಎತ್ತರದ ಮೆಟ್ಟಿಲು? ಕೆಸರುಗದ್ದೆಯಲ್ಲಿ ನಾಟಿ? ನಮ್ಮಲ್ಲಿ ಕಾಲು ಸರಿಯಾಯ್ತಾ ಅಂತ ಗೊತ್ತಾಗೋದೇ ಇಂಥ ಕಡೆ. ಇವೂ ಸೇರಲಿ.

‘ಓಪಿಡಿಯಲ್ಲಿ ಅಷ್ಟುದ್ದ ಸಾಲು, ಟೈಮೆಲ್ಲಿದೆ?’ ಅಂತೀರಾ? ಆ ಸಾಲಲ್ಲೇ ರೋಗಿ ಗಂಟೆಗಟ್ಟಲೆ ಕಾಯ್ತಾರಲ್ಲ, ಆಗಲೇ ಫಾರ್ಮ್ ತುಂಬಿಸಬಹುದು. ಓದೋಕೆ ಬಾರದವರಿಗೆ ಯಾರಾದರೂ ಓದಿ ಹೇಳಲಿ. ಆದ್ರೆ ಉತ್ತರ ರೋಗಿಯ ಬಾಯಿಂದಲೇ ಬರಬೇಕು, ಪಕ್ಕದಲ್ಲಿ ನಿಂತ ಮಗನದ್ದೋ ಗಂಡನದ್ದೋ ಬಾಯಿಂದ ಅಲ್ಲ. ಅಂಕ ಕಮ್ಮಿ ಬಂದ್ರೆ ಫಿಸಿಯೋಥೆರಪಿ, ನೋವಿಗೆ ಚಿಕಿತ್ಸೆ, ಕೌನ್ಸೆಲಿಂಗ್ ಏನು ಬೇಕೋ ಅದು ಶುರುವಾಗಬೇಕು. ಇಲ್ಲದಿದ್ರೆ ಕೇಳಿ ಏನು ಬಂತು?

ಅಲ್ಲೀವರೆಗೆ ನೀವೇ ಒಂದು ಕೆಲಸ ಮಾಡಿ. ಮುಂದಿನ ಸಲ ತೋರಿಸೋಕೆ ಹೋಗುವಾಗ ಒಂದು ಚೀಟಿಯಲ್ಲಿ ‘ಈಗಲೂ ನನಗೆ ಆಗದ 3 ಕೆಲಸ’ ಅಂತ ಬರೆದುಕೊಂಡು ಹೋಗಿ. ಎಕ್ಸ್‌ರೇ ಜೊತೆ ಅದನ್ನೂ ಮೇಜಿನ ಮೇಲಿಡಿ.

ನಿಮ್ಮ ಪಟ್ಟಿಯಲ್ಲಿ ಏನಿದೆ? ಕಾಮೆಂಟಲ್ಲಿ ಬರೀರಿ 👇

#ಆಸ್ಪತ್ರೆಮಾತು #ಕಾಲುಪೆಟ್ಟು #ರೋಗಿಯಮಾತು #ಕನ್ನಡ