ಟನ್ನಿಗೆ 24 ರೂಪಾಯಿ, ಹರಾಜಾದ ಮೇಲೆ 8

2025ರ ಆಗಸ್ಟ್‌ನಲ್ಲಿ ಸಂಸತ್ತು ಗಣಿ ಮತ್ತು ಖನಿಜ ಕಾಯ್ದೆಯನ್ನು ಮತ್ತೊಮ್ಮೆ ತಿದ್ದಿತು. ಗಣಿ ಗುತ್ತಿಗೆದಾರರು ರಾಜಧನದ ಮೇಲೆ ರಾಷ್ಟ್ರೀಯ ಖನಿಜ ಅನ್ವೇಷಣಾ ಟ್ರಸ್ಟಿಗೆ ಕಟ್ಟುತ್ತಿದ್ದ ಶೇ 2 ಈಗ ಶೇ 3 ಆಗಿದೆ. ಟ್ರಸ್ಟಿನ ಹಣವನ್ನು ದೇಶದ ಹೊರಗೂ ಖರ್ಚು ಮಾಡಲು ದಾರಿಯಾಗಿದೆ. ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಸಿಡಿಸಿದ ಸುಣ್ಣದ ಕಲ್ಲಿನ ದುಡ್ಡಿನಿಂದ ಇನ್ನಾವುದೋ ಖಂಡದಲ್ಲಿ ಲಿಥಿಯಂ ಹುಡುಕಬಹುದು. ಹುಡುಕಲಿ, ಬೇಡವೆಂದವರು ಯಾರು? ಆದರೆ ಅದೇ ರಾಜಧನದ ಮೇಲೆ ವಾಡಿಯ ಧೂಳು ಕುಡಿಯುವವರಿಗೆ ಸಲ್ಲಬೇಕಾದ ಪಾಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೆಚ್ಚಿಸುವುದು ಹಾಗಿರಲಿ, ಆ ಪಾಲು ಮೂರನೇ ಒಂದಕ್ಕೆ ಇಳಿಯುವ ದಿನ ಹತ್ತಿರವಾಗುತ್ತಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಮುದುಕರು, ಅಂಗವಿಕಲರು, ತಾಂಡಾದ ಮಕ್ಕಳು ಕಂಪನಿಗಳ ದಾನಕ್ಕೆ ಕೈಯೊಡ್ಡಬೇಕಾದ ಗರಜೇ ಇಲ್ಲ. ಅವರ ಹೆಸರಿನಲ್ಲಿ ಕಾನೂನೇ ತೆಗೆದಿಟ್ಟ ಹಣವಿದೆ. ಹೊಲಿಗೆ ಯಂತ್ರ ವಿತರಣೆ, ಕಣ್ಣಿನ ತಪಾಸಣೆ ಶಿಬಿರದ ಚಿತ್ರಗಳನ್ನು ನೋಡಿ ಕಂಪನಿಗಳ ಔದಾರ್ಯವನ್ನು ಕೊಂಡಾಡುವ ಅಂಕಣಕಾರರು ಈ ಹಣದ ಮಾತೆತ್ತುವುದಿಲ್ಲ. ಎತ್ತಿದರೂ ಅದು ಸೇರುವ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಎಷ್ಟು ಕೋಟಿ ಜಮೆಯಾಯಿತು, ಎಷ್ಟು ಖರ್ಚಾಯಿತು ಎಂಬಲ್ಲಿಗೆ ಕೈತೊಳೆದುಕೊಳ್ಳುತ್ತಾರೆ. ಕೋಟಿಯ ಲೆಕ್ಕ ಸಾಕು, ಟನ್ನಿನ ಲೆಕ್ಕ ಹಾಕಿ ನೋಡೋಣ.

ಸಿಮೆಂಟಿಗೆ ಹೋಗುವ ಸುಣ್ಣದ ಕಲ್ಲಿಗೆ ರಾಜಧನ ಟನ್ನಿಗೆ 80 ರೂಪಾಯಿ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ದರ ಇದು. ಕಬ್ಬಿಣದ ಅದಿರಿಗೆ ರಾಜಧನವನ್ನು ಬೆಲೆಯ ಮೇಲೆ ಶೇಕಡಾವಾರು ಹಾಕುವುದರಿಂದ ಮಾರುಕಟ್ಟೆ ಏರಿದರೆ ಅದೂ ಏರುತ್ತದೆ. ನಮ್ಮ ಕಲ್ಲಿಗೆ ಆ ಭಾಗ್ಯವಿಲ್ಲ. ಮೂರು ವರ್ಷಕ್ಕೊಮ್ಮೆ ದರ ಏರಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಏರಿಸಬೇಕೆಂಬ ಕಟ್ಟುಪಾಡಿಲ್ಲ. ಗುತ್ತಿಗೆ 2015ರ ಜನವರಿ 12ಕ್ಕಿಂತ ಹಿಂದಿನದಾದರೆ ಈ ರಾಜಧನದ ಶೇ 30ರಷ್ಟು ಹಣವನ್ನು ಕಂಪನಿ ಪ್ರತಿಷ್ಠಾನಕ್ಕೆ ಹೆಚ್ಚುವರಿಯಾಗಿ ಕಟ್ಟಬೇಕು, ಅಂದರೆ ಟನ್ನಿಗೆ 24 ರೂಪಾಯಿ. ಆ ದಿನದ ನಂತರ ಹರಾಜಿನಲ್ಲಿ ಸಿಕ್ಕ ಗುತ್ತಿಗೆಯಾದರೆ ಬರೀ ಶೇ 10, ಅಂದರೆ 8 ರೂಪಾಯಿ. ಕಲ್ಲು ಅದೇ, ಮಧ್ಯಾಹ್ನದ ಸಿಡಿತಕ್ಕೆ ಬಿರುಕು ಬಿಡುವ ಗೋಡೆಯೂ ಅದೇ, ತೊಗರಿ ಹೂವಿನ ಮೇಲೆ ಕೂರುವ ಧೂಳೂ ಅದೇ. ಗುತ್ತಿಗೆ ಪತ್ರದ ತಾರೀಕು ಮಾತ್ರ ಬೇರೆ.

ಈ 24 ಮತ್ತು 8ರ ನಡುವಿನ ಅಂತರವನ್ನು ಒಬ್ಬ ಅಜ್ಜಿಯ ಲೆಕ್ಕದಲ್ಲಿ ನೋಡಬಹುದು. ಚಿಂಚೋಳಿಯ ತಾಂಡಾಗಳಲ್ಲಿ ರಾಶಿ ಮುಗಿದ ಮೇಲೆ ಮಗ, ಸೊಸೆ ಪುಣೆಗೋ ಮುಂಬೈಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವುದು ಮುದುಕಿ ಮತ್ತು ಮೊಮ್ಮಕ್ಕಳು. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯಲ್ಲಿ ಆಕೆಗೆ ತಿಂಗಳಿಗೆ ಬರುವುದು 1,200 ರೂಪಾಯಿ, ವರ್ಷಕ್ಕೆ 14,400. ಇನ್ನೂ ಅಷ್ಟೇ ಹಣವನ್ನು ಪ್ರತಿಷ್ಠಾನದಿಂದ ಸೇರಿಸಬೇಕೆಂದರೆ ಹಳೆಯ ಗುತ್ತಿಗೆಯ ಗಣಿಯಲ್ಲಿ 600 ಟನ್ ಕಲ್ಲು ಅಗೆದರೆ ಸಾಕು. 60 ಟನ್ನಿನ ಡಂಪರ್ ಹತ್ತು ಸಲ ಓಡಾಡಿದರೆ ಆಯಿತು, ಒಂದು ಪಾಳಿಯೂ ಪೂರಾ ಬೇಕಿಲ್ಲ. ಅದೇ ಗಣಿ ಹರಾಜಾದ ಮೇಲೆ 1,800 ಟನ್ ಅಗೆಯಬೇಕು. ವರ್ಷಕ್ಕೆ 50 ಲಕ್ಷ ಟನ್ ತೆಗೆಯುವ ಒಂದು ಗಣಿ ಇದೆ ಎಂದಿಟ್ಟುಕೊಂಡರೆ, ಅಲ್ಲಿಂದ ಜಿಲ್ಲೆಗೆ ಬರುತ್ತಿದ್ದ 12 ಕೋಟಿ ಹರಾಜಿನ ಮರುದಿನ 4 ಕೋಟಿ ಆಗುತ್ತದೆ.

ಹರಾಜು ಯಾವಾಗ? ಸ್ವಂತ ಕಾರ್ಖಾನೆಗೆಂದೇ ಪಡೆದ ಹಳೆಯ ಗುತ್ತಿಗೆಗಳಿಗೆ 2015ರ ತಿದ್ದುಪಡಿ ಕೊಟ್ಟ ಗಡುವು 2030ರ ಮಾರ್ಚ್ 31, ಅಥವಾ ನವೀಕರಣದ ಅವಧಿಯ ಕೊನೆ, ಅಥವಾ ಗುತ್ತಿಗೆ ಕೊಟ್ಟ ದಿನದಿಂದ 50 ವರ್ಷ. ಇವುಗಳಲ್ಲಿ ಯಾವುದು ಕೊನೆಗೆ ಬರುತ್ತದೋ ಅದು. ನಮ್ಮ ಸಿಮೆಂಟ್ ಪಟ್ಟಿಯ ಗಣಿಗಳೆಲ್ಲ ಬಹುಮಟ್ಟಿಗೆ ಈ ಬಗೆಯವೇ. ಹಾಗಾಗಿ 2030ರಿಂದ ಒಂದೊಂದಾಗಿ ಹರಾಜಿಗೆ ಬರುತ್ತವೆ. ಗೆಲ್ಲುವುದು ಅದೇ ಕಂಪನಿಯಾದರೂ ಗುತ್ತಿಗೆ ಹೊಸದು, ಪಾಲು 8 ರೂಪಾಯಿ. ಜಿಲ್ಲೆಯ ಯಾವ ಸಭೆಯಲ್ಲೂ ಇದು ಗಂಭೀರವಾಗಿ ಚರ್ಚೆಯಾದದ್ದನ್ನು ನಾನು ಕಂಡಿಲ್ಲ.

ಹರಾಜಿನಲ್ಲಿ ಕಂಪನಿ ಪ್ರೀಮಿಯಂ ಕೊಡುತ್ತದಲ್ಲ, ಮತ್ತೆ ಜಿಲ್ಲೆಗೂ ಹಳೆಯ ದರದಲ್ಲೇ ಕೊಡಬೇಕೇ ಎಂಬುದು ಸಿದ್ಧ ಉತ್ತರ. ಪ್ರೀಮಿಯಂ ಕೊಡುವುದು ನಿಜ. ಅದು ಹೋಗುವುದು ಬೆಂಗಳೂರಿನ ಬೊಕ್ಕಸಕ್ಕೆ. ಅಲ್ಲಿಂದ ಮರಳಿ ಚಿತ್ತಾಪುರಕ್ಕೆ ಬರಬೇಕಾದರೆ ಬಜೆಟ್ಟು, ಮಂಡಳಿ, ಕ್ರಿಯಾಯೋಜನೆ ಎಂಬ ಗೇಟುಗಳನ್ನೆಲ್ಲ ದಾಟಬೇಕು. ಪ್ರಾದೇಶಿಕ ಅಸಮತೋಲನದ ಕುರಿತ 2002ರ ನಂಜುಂಡಪ್ಪ ವರದಿ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. ವಾಡಿಯಲ್ಲಿ ಎಸಿಸಿ ಕಾರ್ಖಾನೆ ಶುರುವಾಗಿ ಆಗಲೇ ಮೂವತ್ತು ವರ್ಷ ದಾಟಿತ್ತು. ಬೊಕ್ಕಸ ತುಂಬಿದರೆ ತಾಲ್ಲೂಕು ತುಂಬುತ್ತದೆ ಎನ್ನುವವರು ಆ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಜಿಲ್ಲೆಯ ಪಾಲು ಜಿಲ್ಲೆಯಲ್ಲೇ ಉಳಿಯಲಿ ಎಂದೇ ಪ್ರತಿಷ್ಠಾನ ಹುಟ್ಟಿದ್ದು.

ಹಾಗಾದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಸಿಎಸ್‌ಆರ್ ಇದೆಯಲ್ಲ? ಇದೆ. ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2. ಲಾಭವಿಲ್ಲದಿದ್ದರೆ ಸೊನ್ನೆ. ಕಾರ್ಖಾನೆ ಇರುವ ಜಾಗಕ್ಕೆ ಆದ್ಯತೆ ಕೊಡಬೇಕೆಂದು ಕಂಪನಿ ಕಾಯ್ದೆ ಹೇಳುತ್ತದೆ, ಆದರೆ ಅದು ಮಾರ್ಗದರ್ಶಿಯೇ ಹೊರತು ಕಡ್ಡಾಯವಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಸೇಡಂಗೆ ಎಷ್ಟು ಎಂದು ತೀರ್ಮಾನಿಸುವುದು ಬೇರೆ ಊರಿನ ಬೋರ್ಡ್ ರೂಮು. ಆ ಬೋರ್ಡ್ ರೂಮಿನಲ್ಲಿ ಕೂತವರೂ ನಿಂತಲ್ಲಿ ನಿಲ್ಲುವವರಲ್ಲ. ವಾಡಿಯ ಎಸಿಸಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಕೈಯಿಂದ 2022ರಲ್ಲಿ ಅದಾನಿ ಸಮೂಹಕ್ಕೆ ಬಂತು. ಸೇಡಂನ ವಾಸವದತ್ತಾ, ಕೇಸೋರಾಂನಿಂದ 2025ರಲ್ಲಿ ಅಲ್ಟ್ರಾಟೆಕ್ ಪಾಲಾಯಿತು. ಚಿತ್ತಾಪುರ ತಾಲ್ಲೂಕಿನ ಓರಿಯಂಟ್ ಕಾರ್ಖಾನೆ ಅದೇ ವರ್ಷ ಅಂಬುಜಾ ವಶವಾಯಿತು. ಮಾಲೀಕ ಬದಲಾದಾಗಲೆಲ್ಲ ದಾನದ ಆದ್ಯತೆಯೂ ಬದಲಾಗಬಹುದು. ಹಳೆಯ ಕಂಪನಿ ನಡೆಸುತ್ತಿದ್ದ ಟ್ಯೂಷನ್ ತರಗತಿ ಹೊಸ ಕಂಪನಿಯ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ.

ಇದರ ಕೊನೆ ಏನೆಂದು ತಿಳಿಯಲು ಶಹಾಬಾದಿಗೆ ಹೋದರೆ ಸಾಕು. ನಿಜಾಮರ ಕಾಲದಲ್ಲೇ ಸಿಮೆಂಟ್ ಸುಟ್ಟ ಊರು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಅದರಲ್ಲೊಂದು. ಎಸಿಸಿ ಅಲ್ಲಿಂದ ಕಾಲ್ತೆಗೆದು ಬಹಳ ಕಾಲವಾಯಿತು. ಕಂಪನಿ ಹೋದರೆ ಅದರ ಆಸ್ಪತ್ರೆ, ಶಾಲೆ, ಗಣೇಶೋತ್ಸವದ ಚಂದಾ ಎಲ್ಲವೂ ಅದರ ಬೆನ್ನಿಗೆ ಹೋಗುತ್ತವೆ. ಅಗೆದ ಗುಂಡಿ ಮಾತ್ರ ಇಲ್ಲೇ ಉಳಿಯುತ್ತದೆ.

ಹೊರದೇಶದ ನೆರವಿನ ಬಾಗಿಲೂ ಕಿರಿದಾಗಿದೆ. 2020ರ ವಿದೇಶಿ ದೇಣಿಗೆ ತಿದ್ದುಪಡಿಯ ಮೇಲೆ ದೊಡ್ಡ ಸಂಸ್ಥೆ ತನಗೆ ಬಂದ ಹಣವನ್ನು ಚಿಂಚೋಳಿಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ನೇರವಾಗಿ ಪಡೆಯೋಣವೆಂದರೆ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ಇದರ ಮೇಲೆ ಅಮೆರಿಕ, ಬ್ರಿಟನ್ ಸರ್ಕಾರಗಳು 2025ರಲ್ಲಿ ತಮ್ಮ ನೆರವಿಗೇ ಕತ್ತರಿ ಹಾಕಿದವು. ದೂರದ ಪುಣ್ಯವಂತರನ್ನು ನಂಬಿ ಕೂರುವ ಕಾಲ ಇದಲ್ಲ.

ಪ್ರತಿಷ್ಠಾನದ ಕಾರುಬಾರು ಸೊಗಸಾಗಿದೆ ಎಂದು ನಾನು ವಾದಿಸುತ್ತಿಲ್ಲ. ರಸ್ತೆ, ಕಾಂಪೌಂಡ್ ಗೋಡೆ, ಸಮುದಾಯ ಭವನ ಎಂದರೆ ನಮ್ಮ ಅಧಿಕಾರಿಗಳಿಗೂ ಗುತ್ತಿಗೆದಾರರಿಗೂ ಎಲ್ಲಿಲ್ಲದ ಪ್ರೀತಿ. ಆದರೆ ಕೇಂದ್ರದ 2024ರ ಜನವರಿಯ ಮಾರ್ಗಸೂಚಿ ಅದಕ್ಕೂ ಲಗಾಮು ಹಾಕಿದೆ. ಶೇ 70 ಹಣ ನೀರು, ಆರೋಗ್ಯ, ಶಿಕ್ಷಣ, ವೃದ್ಧರು, ಅಂಗವಿಕಲರಂಥ ಆದ್ಯತೆಯ ಬಾಬ್ತುಗಳಿಗೇ ಹೋಗಬೇಕು; ಶೇ 70 ಹಣ ಗಣಿಯಿಂದ 15 ಕಿಲೋಮೀಟರ್ ಒಳಗಿನ ನೇರ ಬಾಧಿತ ಊರುಗಳಲ್ಲೇ ಖರ್ಚಾಗಬೇಕು. ಬಾಧಿತರ ಕೈಗೇ ನೆರವು ಕೊಡುವ ಮಾದರಿಯೂ ಇದೆ: ರಾಜಸ್ಥಾನ 2019ರಲ್ಲೇ ಕಲ್ಲುಗಣಿಯ ಸಿಲಿಕೋಸಿಸ್ ರೋಗಿಗಳಿಗೆ ಪ್ರಮಾಣಪತ್ರ ಸಿಕ್ಕೊಡನೆ 3 ಲಕ್ಷ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ಕೊಡುವ ನೀತಿ ತಂದಿತು. ನಮ್ಮದು ಸುಣ್ಣದ ಕಲ್ಲು, ಅಲ್ಲಿಯ ಮರಳುಗಲ್ಲಿನಷ್ಟು ಸಿಲಿಕಾ ಇದರಲ್ಲಿಲ್ಲ ಎನ್ನಬಹುದು. ನೆಲಹಾಸಿನ ಫರಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ಸುತ್ತಿಗೆ ಹೊಡೆದವನ ಎದೆಯನ್ನು ಸರಿಯಾಗಿ ಪರೀಕ್ಷಿಸಿ ಆಮೇಲೆ ಹಾಗೆನ್ನಿ.

ಕಂಪನಿಗಳಿಗೆ ಹೊರೆಯಾಗುತ್ತದೆ ಎಂಬ ಅಳಲು ಉಳಿಯಿತು. ಸಿಮೆಂಟಿಗಾಗಿ ಅರೆಯುವ ಒಂದು ಟನ್ ಕ್ಲಿಂಕರ್‌ಗೆ ಹೆಚ್ಚುಕಡಿಮೆ ಒಂದೂವರೆ ಟನ್ ಕಲ್ಲು ಬೇಕು. 24 ರೂಪಾಯಿಯ ದರದಲ್ಲಿ 50 ಕಿಲೋ ಚೀಲದ ಮೇಲೆ ಬೀಳುವುದು ಎರಡು ರೂಪಾಯಿಗೂ ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಚೀಲಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಜಾಗ ಬಿಟ್ಟುಕೊಟ್ಟಿದೆ. ತಮಿಳುನಾಡು 2025ರ ಏಪ್ರಿಲ್‌ನಿಂದ ಸುಣ್ಣದ ಕಲ್ಲಿನ ಮೇಲೆ ಟನ್ನಿಗೆ 160 ರೂಪಾಯಿ ತೆರಿಗೆ ಹಾಕಿದೆ, ರಾಜಧನದ ಎರಡು ಪಟ್ಟು. ಅಲ್ಲಿಯ ಕಾರ್ಖಾನೆಗಳು ಗೊಣಗಿದವು, ಬಾಗಿಲು ಹಾಕಿಕೊಂಡು ಹೋಗಲಿಲ್ಲ.

ಇಷ್ಟಾಗಿ, 8 ರೂಪಾಯಿಯನ್ನು ಏರಿಸಲು ಸಂಸತ್ತಿನ ಮುಂದೆ ಹೋಗಬೇಕಾಗಿಯೂ ಇಲ್ಲ. ಹೊಸ ಗುತ್ತಿಗೆಯಿಂದ ರಾಜಧನದ ಮೂರನೇ ಒಂದರವರೆಗೆ ವಸೂಲು ಮಾಡಲು ಕಾಯ್ದೆಯ 9ಬಿ ಕಲಮು ಈಗಲೇ ಅಧಿಕಾರ ಕೊಟ್ಟಿದೆ. ಅಂದರೆ ಟನ್ನಿಗೆ 26 ರೂಪಾಯಿಗೂ ಮೇಲೆ. ಶೇ 10 ಎಂದದ್ದು ಕೇಂದ್ರದ ನಿಯಮ, ಒಂದು ಅಧಿಸೂಚನೆಯಿಂದ ಬದಲಾಗುವಂಥದ್ದು. ಫರಸಿ ಕಲ್ಲು ಉಪಖನಿಜವಾದ್ದರಿಂದ ಅದರ ದರ ರಾಜ್ಯದ ಕೈಯಲ್ಲೇ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ಸಂಸದರು ಸದಸ್ಯರು. ಚಿತ್ತಾಪುರದ ಪ್ರಿಯಾಂಕ್ ಖರ್ಗೆ, ಸೇಡಂನ ಶರಣಪ್ರಕಾಶ ಪಾಟೀಲ ಇಬ್ಬರೂ ರಾಜ್ಯ ಸಂಪುಟದಲ್ಲಿದ್ದಾರೆ. ಮುಂದಿನ ಸಭೆಯಲ್ಲಿ ಎರಡು ನಿರ್ಣಯ ಆಗಲಿ: ಕೇಂದ್ರಕ್ಕೆ ದರ ಏರಿಸಲು ಪತ್ರ, ಮತ್ತು 15 ಕಿಲೋಮೀಟರ್ ಒಳಗಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಯಾವ ಗಣಿಯ ಗುತ್ತಿಗೆ ಯಾವಾಗ ಮುಗಿಯುತ್ತದೆ, ಅದು ಟನ್ನಿಗೆ ಎಷ್ಟು ಕಟ್ಟುತ್ತಿದೆ ಎಂಬ ಬರಹ.