ಉಗುರಿನಲ್ಲಿ ಹೋಗತಕ್ಕದ್ದು

ಬೆಳಗ್ಗೆ ನಾವು ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಬೀದಿಯ ಕಸ ಹೋಗಿರಬೇಕು, ನಲ್ಲಿಯಲ್ಲಿ ನೀರು ಬರಬೇಕು, ಅಂಚೆಯವನು ಹೊತ್ತಿಗೆ ಸರಿಯಾಗಿ ಬರಬೇಕು, ಮಕ್ಕಳ ಶಾಲೆಯ ಗಂಟೆ ಹೊಡೆಯಬೇಕು. ಇವೆಲ್ಲವೂ ಸೂರ್ಯೋದಯದಂತೆ ತಾವಾಗಿಯೇ ನಡೆಯತಕ್ಕವೆಂದು ಗೃಹಸ್ಥರಾದ ನಾವು ಭಾವಿಸಿಕೊಂಡಿರುವೆವು. ಎರಡು ದಿನ ಕಸದ ಗಾಡಿಯು ಬಾರದಿದ್ದರೆ ಮಾತ್ರ ಅದರ ಹಿಂದೆ ಒಬ್ಬ ಮನುಷ್ಯನಿರುವನೆಂಬುದು ನೆನಪಾಗುವುದು; ಆ ನೆನಪೂ ಬಹುಮಟ್ಟಿಗೆ ಕೋಪದ ರೂಪದಲ್ಲಿಯೇ ಬರುವುದು. ಅಂತಹ ಕೋಪಕ್ಕೆ ಎರಡು ಕಡೆಗಳಲ್ಲಿಯೂ ಎಡೆಯಾಗದಂತೆ ನೋಡಿಕೊಳ್ಳುವ ಒಂದು ಉದ್ಯೋಗವುಂಟು. ಈ ತಿಂಗಳು ಅದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿರುವೆನು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕ ನಗರಸಭೆಗಳೂ ಸಂಸ್ಥಾನ ಸರಕಾರಗಳೂ ಕಾರ್ಮಿಕ ಸಂಬಂಧಗಳ ತಜ್ಞರೆಂಬ ಅಧಿಕಾರಿಗಳನ್ನು ನೇಮಿಸಿಕೊಂಡಿರುವುವು. ಸರಕಾರವೇ ಯಜಮಾನನಾಗಿರುವೆಡೆಯಲ್ಲಿ ನೌಕರರ ಸಂಘದೊಡನೆ ನಡೆಯುವ ಮಾತುಕತೆಯು ಇವರ ಕೈಯಿಂದಲೇ ಹಾಯ್ದು ಹೋಗುವುದು. ಸಂಬಳ, ರಜೆ, ಕೆಲಸದ ವೇಳೆ, ಬಡತಿಯ ಕ್ರಮ ಇವುಗಳನ್ನು ಕುರಿತು ಒಡಂಬಡಿಕೆ ಮಾಡಿಕೊಳ್ಳುವುದು ಕೆಲವು ವರ್ಷಗಳಿಗೊಮ್ಮೆ ಬರುವ ಕೆಲಸ. ದಿನದಿನದ ಕೆಲಸವೇ ಬೇರೆ. ಮೇಸ್ತ್ರಿಯು ತನ್ನನ್ನು ಅನ್ಯಾಯವಾಗಿ ಮನೆಗೆ ಕಳುಹಿಸಿದನೆಂದು ಒಬ್ಬ ಕೆಲಸಗಾರನು ಅಹವಾಲು ಬರೆದುಕೊಟ್ಟರೆ, ಗೊತ್ತಾದ ದಿನಗಳೊಳಗೆ ಮೊದಲು ಮೇಲ್ವಿಚಾರಕನು ಉತ್ತರ ಹೇಳಬೇಕು. ಅಲ್ಲಿ ತೀರದಿದ್ದರೆ ಇಲಾಖೆಯ ಮುಖ್ಯಾಧಿಕಾರಿಯು ಹೇಳಬೇಕು. ಅಲ್ಲಿಯೂ ತೀರದಿದ್ದರೆ, ಅನೇಕ ಒಡಂಬಡಿಕೆಗಳ ಪ್ರಕಾರ, ಯಾವ ಪಕ್ಷಕ್ಕೂ ಸೇರದ ತೀರ್ಪುಗಾರನ ಮುಂದೆ ಅದು ಹೋಗುವುದು. ಈ ಮೆಟ್ಟಲುಗಳಲ್ಲಿ ಒಂದೂ ತಪ್ಪದಂತೆ ನೋಡುವುದು, ಕರಾರಿನ ಮಾತಿನ ಅರ್ಥವನ್ನು ಮೇಲ್ವಿಚಾರಕರಿಗೆ ತಿಳಿಯಹೇಳುವುದು, ತಪ್ಪು ತಮ್ಮ ಕಡೆಯದೇ ಆಗಿದ್ದರೆ ಅದನ್ನು ಮೇಲಧಿಕಾರಿಗಳ ಎದುರಿಗೆ ಹೇಳುವುದು, ಇವು ಹಿರಿಯ ತಜ್ಞರ ನಿತ್ಯಕರ್ಮಗಳು.

ಸರಕಾರದ ಸಂಬಳ ಪಡೆಯುವವರು ನೌಕರರ ದುಃಖವನ್ನು ನ್ಯಾಯವಾಗಿ ಕೇಳುವರೆ ಎಂದು ಯಾರಾದರೂ ಶಂಕಿಸಬಹುದು. ಶಂಕೆಯು ಯುಕ್ತವಾದದ್ದೇ. ಅವರು ನ್ಯಾಯಾಧೀಶರಲ್ಲ, ಯಜಮಾನನ ಪಕ್ಷದವರು. ಆದರೆ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಒಬ್ಬ ಸೋದರತ್ತೆ ಇರುತ್ತಿದ್ದುದನ್ನು ವಾಚಕರು ಬಲ್ಲರು. ಆಕೆ ಅಣ್ಣನ ಕಡೆಯವಳೇ. ಆದರೂ ಸೊಸೆಯಂದಿರು ತಮ್ಮ ಸಂಕಟವನ್ನು ಆಕೆಯಲ್ಲಿಯೇ ಹೇಳಿಕೊಳ್ಳುವರು. ಏಕೆಂದರೆ ಆಕೆ ಒಂದು ಮಾತು ಕೊಟ್ಟರೆ ಅದು ನಡೆಯುವುದು, ಕೇಳಿದ್ದನ್ನು ತಿರುಚದೆ ಅಣ್ಣನಿಗೆ ಮುಟ್ಟಿಸುವಳು. ಈ ಅಧಿಕಾರಿಗಳ ಬಂಡವಾಳವೂ ಅಷ್ಟೇ: ಕೊಟ್ಟ ಮಾತು. ಒಮ್ಮೆ ಅದು ಹುಸಿಯಾದರೆ ಮರುದಿನ ಅವರ ಎದುರಿಗೆ ಕುಳಿತು ಮಾತನಾಡುವವರಿರುವುದಿಲ್ಲ.

ಆ ಮಾತನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಗಿರಣಿಯ ಧಣಿಯು ಮನಸ್ಸು ಮಾಡಿದರೆ ತನ್ನ ಪೆಟ್ಟಿಗೆಯನ್ನು ತೆರೆಯಬಲ್ಲನು. ನಗರದ ಬೊಕ್ಕಸವು ಯಾರೊಬ್ಬರದೂ ಅಲ್ಲ. ಅದು ನಾವು ನೀವು ಕೊಟ್ಟ ಕಂದಾಯ. ಸಭೆಯು ಒಪ್ಪದೆ ಒಂದು ಕಾಸೂ ಹೊರಬೀಳದು. ಆದ್ದರಿಂದ ಈ ಅಧಿಕಾರಿಗಳು ಎರಡು ಮೇಜುಗಳ ಮುಂದೆ ಕುಳಿತುಕೊಳ್ಳಬೇಕಾಗಿದೆ. ಒಂದರ ಆಚೆಗೆ ಸಂಘದವರು, ಇನ್ನೊಂದರ ಆಚೆಗೆ ತಮ್ಮವರೇ. ಎರಡನೆಯದೇ ಹೆಚ್ಚು ಕಠಿಣವಾಗುವುದೂ ಉಂಟು.

ಈ ವ್ಯವಸ್ಥೆಯು ಬಹು ಹಳೆಯದಲ್ಲ. ನಗರ ನೌಕರರ ಸಂಘದೊಡನೆ ಚೌಕಾಶಿ ಮಾಡುವುದಕ್ಕೆ ಅಲ್ಲಿನ ಸಂಸ್ಥಾನಗಳಲ್ಲಿ ಮೊಟ್ಟಮೊದಲು ಕಾನೂನು ಮಾಡಿದುದು ವಿಸ್ಕಾನ್ಸಿನ್, ೧೯೫೯ರಲ್ಲಿ. ೧೯೬೨ರಲ್ಲಿ ಅಧ್ಯಕ್ಷ ಕೆನಡಿಯವರು ತಮ್ಮ ಆಜ್ಞೆಯ ಮೂಲಕ ಕೇಂದ್ರ ಸರಕಾರದ ನೌಕರರಿಗೂ ಆ ಬಾಗಿಲನ್ನು ತೆರೆದರು. ಆದರೆ ಟೆನೆಸ್ಸೀ ಸಂಸ್ಥಾನದ ಮೆಂಫಿಸ್ ನಗರದಲ್ಲಿ ೧೯೬೮ರ ಹೊತ್ತಿಗೂ ಅಂತಹ ಬಾಗಿಲಿರಲಿಲ್ಲ. ಬಾಗಿಲಿಲ್ಲದ ಮನೆಯಲ್ಲಿ ಏನಾಯಿತೆಂಬುದನ್ನು ಕೇಳಬೇಕು.

ಆ ನಗರದ ಕಸ ಹೊರುವವರೆಲ್ಲರೂ ಹೆಚ್ಚುಕಡಿಮೆ ಕಪ್ಪು ಜನರು. ವಾರವೆಲ್ಲ ದುಡಿದರೂ ಅವರಲ್ಲಿ ಅನೇಕರ ಸಂಸಾರಗಳು ಸರಕಾರದ ಬಡವರ ಸಹಾಯಧನಕ್ಕೆ ಅರ್ಹವಾಗುವಷ್ಟು ಕಡಿಮೆ ಕೂಲಿ. ಜನವರಿಯ ಕೊನೆಯಲ್ಲಿ ಮಳೆ ಬಂದ ಒಂದು ದಿನ, ಚರಂಡಿಯ ಕೆಲಸದ ೨೨ ಮಂದಿ ಕಪ್ಪು ನೌಕರರನ್ನು ಮನೆಗೆ ಕಳುಹಿಸಿ, ಬಿಳಿಯ ಮೇಲ್ವಿಚಾರಕರಿಗೆ ಮಾತ್ರ ಪೂರ್ಣ ದಿನದ ಸಂಬಳ ಕೊಟ್ಟರು. ಫೆಬ್ರವರಿ ೧ರಂದು ಮತ್ತೆ ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದಾಗ, ಕಸವನ್ನು ಅದುಮುವ ಯಂತ್ರವು ತಾನಾಗಿ ಚಲಿಸಿ ಅವರನ್ನು ಜಜ್ಜಿಬಿಟ್ಟಿತು. ನಗರವು ಅವರ ಸಂಸಾರಗಳಿಗೆ ಕೊಟ್ಟದ್ದು ಒಂದು ತಿಂಗಳ ಸಂಬಳ, ಉತ್ತರಕ್ರಿಯೆಗೆಂದು ೫೦೦ ಡಾಲರು.

ಫೆಬ್ರವರಿ ೧೨ರಂದು ಸುಮಾರು ೧,೩೦೦ ಮಂದಿ ಕೆಲಸ ನಿಲ್ಲಿಸಿದರು. ಅವರು ಕೇಳಿದುದು ಕೂಲಿಯ ಹೆಚ್ಚಳವೊಂದನ್ನೇ ಅಲ್ಲ. ತಮ್ಮ ಸಂಘಕ್ಕೆ ಮನ್ನಣೆ, ಅಹವಾಲು ಹೇಳಿಕೊಳ್ಳಲು ಒಂದು ಕ್ರಮ, ಸಂಘದ ಚಂದಾವನ್ನು ಸಂಬಳದಲ್ಲಿ ಹಿಡಿದುಕೊಡುವ ಏರ್ಪಾಟು. ಸಾರ್ವಜನಿಕ ನೌಕರರ ಮುಷ್ಕರವು ಕಾನೂನಿಗೆ ವಿರುದ್ಧವೆಂದು ಮೇಯರು ಹೆನ್ರಿ ಲೋಬರು ಹೇಳಿದರು. ಆ ಮಾತು ಸುಳ್ಳಲ್ಲ. ಆದರೆ ಮುಷ್ಕರಕ್ಕೆ ಬದಲು ಹೋಗತಕ್ಕ ದಾರಿ ಯಾವುದೆಂಬುದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ‘ನಾನೂ ಮನುಷ್ಯ’ ಎಂಬ ಫಲಕಗಳನ್ನು ಹಿಡಿದು ಕೆಲಸಗಾರರು ಬೀದಿಯಲ್ಲಿ ನಡೆದರು. ಮಾರ್ಚ್ ೨೮ರ ಮೆರವಣಿಗೆಯು ಗಲಭೆಗೆ ತಿರುಗಿ, ಹದಿನಾರು ವರ್ಷದ ಹುಡುಗನೊಬ್ಬನು ಪೋಲೀಸರ ಗುಂಡಿಗೆ ಬಲಿಯಾದನು. ಅವರ ಬೆಂಬಲಕ್ಕೆ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗರು ಏಪ್ರಿಲ್ ೪ರಂದು ಅದೇ ಊರಿನಲ್ಲಿ ಕೊಲೆಯಾದರು.

ಆಮೇಲೆ ಅಧ್ಯಕ್ಷ ಜಾನ್ಸನ್ನರು ಕಾರ್ಮಿಕ ಇಲಾಖೆಯ ಜೇಮ್ಸ್ ರೆನಾಲ್ಡ್ಸರನ್ನು ಮೆಂಫಿಸಿಗೆ ಕಳುಹಿಸಿದರು. ಅವರು ಸ್ಥಳೀಯ ಮಧ್ಯಸ್ಥರಾಗಿದ್ದ ಫ್ರ್ಯಾಂಕ್ ಮೈಲ್ಸರೊಡನೆ ಸೇರಿ ಎರಡು ಪಕ್ಷದವರ ನಡುವೆ ಓಡಾಡಿದರು. ಅವರ ಕೈಯಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಸಂಘದ ಚಂದಾವನ್ನು ನಗರವು ಹಿಡಿದುಕೊಡಲಾರದೆಂದು ಮೇಯರು ಪಟ್ಟು ಹಿಡಿದಿದ್ದರು. ಒಳ್ಳೆಯದು, ನೌಕರರ ಪತ್ತಿನ ಸಹಕಾರ ಸಂಘವು ಹಿಡಿದುಕೊಡಲಿ ಎಂದಾಯಿತು. ಹಣವು ಹೋಗುವಲ್ಲಿಗೆ ಹೋಯಿತು, ಮೇಯರ ಮಾತೂ ಉಳಿಯಿತು. ಆ ವರ್ಷದ ಆಯವ್ಯಯದಲ್ಲಿ ಹೆಚ್ಚಿನ ಕೂಲಿಗೆ ಹಣವಿಲ್ಲವೆಂಬ ಅಡ್ಡಿ ಬಂದಾಗ, ಊರಿನ ಶ್ರೀಮಂತ ವ್ಯಾಪಾರಿಯೊಬ್ಬರು ತಮ್ಮ ಹೆಸರನ್ನು ಹೊರಪಡಿಸದೆ ಹಣ ಕೊಟ್ಟರು. ಏಪ್ರಿಲ್ ೧೬ರಂದು ನಗರಸಭೆಯು ಒಪ್ಪಂದವನ್ನು ಅಂಗೀಕರಿಸಿತು. ಗಂಟೆಯೊಂದಕ್ಕೆ ಮೇ ತಿಂಗಳಿಂದ ೧೦ ಸೆಂಟು, ಸೆಪ್ಟೆಂಬರಿನಿಂದ ಇನ್ನು ೫ ಸೆಂಟು ಹೆಚ್ಚು ಕೂಲಿ, ಸಂಘಕ್ಕೆ ಮನ್ನಣೆ, ಅಹವಾಲಿಗೆ ಮೆಟ್ಟಲು ಮೆಟ್ಟಲಾದ ವಿಚಾರಣೆ, ವರ್ಣಭೇದವಿಲ್ಲದ ಬಡತಿ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅರುವತ್ತುನಾಲ್ಕು ದಿನಗಳ ಮೇಲೆ, ಇಷ್ಟು ಪ್ರಾಣಗಳು ಹೋದ ಮೇಲೆ, ಕೊನೆಗೆ ಸಿಕ್ಕಿದುದು ಹದಿನೈದು ಸೆಂಟೂ ಒಂದು ಕಾಗದವೂ. ಆ ಕಾಗದದಲ್ಲಿ ಬರೆದ ಯಾವ ಅಂಶವನ್ನಾದರೂ ಫೆಬ್ರವರಿಯ ಮೊದಲ ವಾರದಲ್ಲಿಯೇ ಬರೆಯಲಾಗುತ್ತಿರಲಿಲ್ಲವೆ? ವರ್ಣದ್ವೇಷವನ್ನು ಯಾವ ಅಧಿಕಾರಿಯೂ ಒಬ್ಬನೇ ನಿವಾರಿಸಲಾರನು, ದಿಟ. ಆದರೆ ಮಳೆಯ ದಿನ ಕೂಲಿ ತಪ್ಪಿದ ೨೨ ಮಂದಿಗೆ ಅಹವಾಲು ಕೊಡುವ ಸ್ಥಳವೊಂದಿದ್ದು, ಉತ್ತರ ಕೊಡಲೇಬೇಕಾದವರೊಬ್ಬರಿದ್ದಿದ್ದರೆ, ಜನರು ಬೀದಿಗೆ ಬರುವ ಮೊದಲೇ ಮಾತು ಮೇಜಿಗೆ ಬರುತ್ತಿದ್ದಿತು.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯು ಸಂಧಾನಾಧಿಕಾರಿಗಳ ನೇಮಕಕ್ಕೆ ಅವಕಾಶ ಮಾಡಿತು. ಸಾರ್ವಜನಿಕ ಸೇವೆಗಳಲ್ಲಿ ಮುಂಗಡವಾಗಿ ನೋಟೀಸು ಕೊಡದೆ ಮುಷ್ಕರ ಹೂಡಬಾರದೆಂದೂ, ನೋಟೀಸು ಬಂದರೆ ಸಂಧಾನ ನಡೆಸಲೇಬೇಕೆಂದೂ ವಿಧಿಸಿತು. ೧೯೬೬ರಲ್ಲಿ ಕೇಂದ್ರ ಸರಕಾರದ ನೌಕರರಿಗೆಂದು ಜಂಟಿ ಸಮಾಲೋಚನೆಯ ಏರ್ಪಾಟೂ ಬಂದಿತು. ಹೀಗಿದ್ದೂ ೧೯೭೪ರ ಮೇ ೨ರಂದು, ರೈಲ್ವೆ ನೌಕರರೊಡನೆ ಮಾತುಕತೆಯು ಮುಗಿಯುವುದಕ್ಕೆ ಮುಂಚೆಯೇ, ಅವರ ಮುಂದಾಳಾಗಿದ್ದ ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸರನ್ನು ಸರಕಾರವು ಬಂಧಿಸಿತು. ಮೇ ೮ರಂದು ಮುಷ್ಕರವು ಆರಂಭವಾಗಿ ೨೦ ದಿನಗಳ ಕಾಲ ನಡೆಯಿತು. ಸಾವಿರಾರು ಮಂದಿ ಸೆರೆಮನೆ ಸೇರಿದರು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮೇಜು ಇದ್ದರೆ ಸಾಲದು; ಅದರ ಎದುರಿಗೆ ಕುಳಿತವನನ್ನು ಎಬ್ಬಿಸದಿರುವ ತಾಳ್ಮೆಯೂ ಬೇಕೆಂಬುದಕ್ಕೆ ಇದು ಸಾಕ್ಷಿ.

ಉಗುರಿನಲ್ಲಿ ಹೋಗತಕ್ಕದ್ದಕ್ಕೆ ಕೊಡಲಿಯನ್ನು ತೆಗೆದುಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳುವರು. ಈ ಅಧಿಕಾರಿಗಳ ಕೆಲಸವೆಲ್ಲವೂ ಆ ಉಗುರಿನ ಕೆಲಸವೇ. ಅದು ಚೆನ್ನಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ; ಪತ್ರಿಕೆಯಲ್ಲಿ ಸುದ್ದಿಯಿಲ್ಲ, ಬೀದಿಯಲ್ಲಿ ಕೂಗಿಲ್ಲ, ಕಸದ ಗಾಡಿಯು ಎಂದಿನಂತೆ ಬಂದು ಹೋಗುವುದು. ಅದಕ್ಕಾಗಿ ಯಾರೂ ಅವರನ್ನು ಕೊಂಡಾಡುವುದಿಲ್ಲ.

ಗೃಹಸ್ಥರಾದ ನಾವು ಮಾಡಬಹುದಾದುದೂ ಸ್ವಲ್ಪ ಇರುವುದು. ಇನ್ನೊಮ್ಮೆ ಗಾಡಿಯು ಬಾರದಿದ್ದ ದಿನ, ‘ಇವರಿಗೆ ಎಷ್ಟು ಕೊಟ್ಟರೂ ಸಾಲದು’ ಎಂದು ಹೇಳುವುದಕ್ಕೆ ಮುಂಚೆ, ಇವರು ಏನು ಕೇಳಿದ್ದರು, ಎಂದು ಕೇಳಿದ್ದರು, ಯಾರು ಉತ್ತರ ಹೇಳಿದರು ಎಂಬ ಮೂರು ಪ್ರಶ್ನೆಗಳನ್ನು ನಮ್ಮ ವಾರ್ಡಿನ ಪ್ರತಿನಿಧಿಯಲ್ಲಿ ಕೇಳೋಣ. ಯಜಮಾನನೆಂದರೆ ಸರಕಾರ, ಸರಕಾರದ ಬೊಕ್ಕಸವು ನಮ್ಮ ಕಂದಾಯ. ಹಾಗಾದ ಮೇಲೆ, ಉತ್ತರ ಹೇಳತಕ್ಕವರಲ್ಲಿ ನಾವೂ ಸೇರಿರುವೆವಲ್ಲವೆ?